ಬಿಡುವಿನ ದಡ

ಚಿತ್ರಶಾಲೆಯಲ್ಲಿ ಕಣ್ಣಿಗಿಂತ ಮೊದಲು ಸೋಲುವುದು ಕಾಲು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿರುವ ನ್ಯಾಷನಲ್ ಗ್ಯಾಲರಿಗೆ ಹೋದವರಿಗೆಲ್ಲ ಇದು ಅನುಭವವೇದ್ಯವಾದ ಮಾತು. ಕೋಣೆಯಿಂದ ಕೋಣೆಗೆ ನಡೆದು, ಮೇರಿಮಾತೆಯರನ್ನೂ ಸಂತರನ್ನೂ ದೊರೆಗಳನ್ನೂ ದೊರೆಗಳ ಕುದುರೆಗಳನ್ನೂ ನೋಡಿ ನೋಡಿ, ಇನ್ನು ಒಂದು ಹೆಜ್ಜೆಯೂ ಆಗದೆಂದು ನಾನು ಸಿಕ್ಕಿದ ಬೆಂಚಿನ ಮೇಲೆ ಕುಳಿತುಬಿಟ್ಟೆ. ಯಾವ ಚಿತ್ರದ ಮುಂದೆ ಕುಳಿತಿದ್ದೇನೆಂಬ ಪರಿವೆಯೂ ಆಗ ಇರಲಿಲ್ಲ. ತುಸು ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರೆ, ಎದುರಿನ ಗೋಡೆಯಲ್ಲಿಯೂ ಜನ ನನ್ನ ಹಾಗೆಯೇ ದಣಿವಾರಿಸಿಕೊಳ್ಳುತ್ತ ಕುಳಿತಿದ್ದರು!

ಅದು ಜಾರ್ಜ್ ಸೆರಾ ಎಂಬ ಫ್ರೆಂಚ್ ಚಿತ್ರಕಾರ 1884ರಲ್ಲಿ ಬರೆದು ಮುಗಿಸಿದ ಚಿತ್ರ. ಎತ್ತರ ಎರಡು ಮೀಟರು, ಅಗಲ ಮೂರು ಮೀಟರು. ಪ್ಯಾರಿಸ್ ನಗರದ ವಾಯವ್ಯಕ್ಕಿರುವ ಆನಿಯೇರ್ ಎಂಬ ಉಪನಗರದ ಬಳಿ, ಸೇನ್ ನದಿಯ ಇಳಿಜಾರಾದ ಹುಲ್ಲುದಡ. ಬೇಸಗೆಯ ಬಿಸಿಲು. ಬಿಸಿಲೆಂದರೆ ಸುಡುವ ಬಿಸಿಲಲ್ಲ; ಬೆವರನ್ನೂ ಮಬ್ಬನ್ನೂ ಬೆರೆಸಿಕೊಂಡು, ದೂರದ ವಸ್ತುಗಳ ಅಂಚನ್ನು ಕರಗಿಸಿಬಿಡುವ ಬಿಸಿಲು. ಕೆಳಗೆ ಎಡಭಾಗದಲ್ಲಿ ಬಿಳಿಯ ಮೇಲಂಗಿ ತೊಟ್ಟು, ಗುಂಡು ಟೋಪಿಯಿಟ್ಟವನೊಬ್ಬ ಮೊಣಕೈಯೂರಿ ಒರಗಿದ್ದಾನೆ. ಪಕ್ಕದಲ್ಲಿ ಅವನ ಕಂದುಬಣ್ಣದ ನಾಯಿ. ನಡುವೆ, ದಡದ ಅಂಚಿನಲ್ಲಿ, ನೀರಿಗೆ ಕಾಲು ಇಳಿಬಿಟ್ಟು, ಭುಜಗಳನ್ನು ಸಡಿಲಿಸಿ, ಬೆನ್ನು ಬಾಗಿಸಿ ಕುಳಿತ ಹುಡುಗ. ಅವನು ಕಳಚಿಟ್ಟ ಬಟ್ಟೆ, ಹುಲ್ಲಿನ ಟೋಪಿ, ಬೂಡ್ಸುಗಳು ಹಿಂದೆ ಬಿದ್ದಿವೆ. ಇನ್ನೂ ಹಿಂದೆ ಹುಲ್ಲಿನ ಟೋಪಿಯವನೊಬ್ಬ ಮುದುಡಿ ಕುಳಿತಿದ್ದಾನೆ. ನೀರಿನಲ್ಲಿ ನಿಂತವರಲ್ಲಿ ಒಬ್ಬ, ಕಿತ್ತಳೆಬಣ್ಣದ ಟೋಪಿಯ ಹುಡುಗ, ಎರಡು ಕೈಗಳನ್ನೂ ಬೊಗಸೆಮಾಡಿ ಬಾಯಿಗಿಟ್ಟುಕೊಂಡು ಯಾರನ್ನೋ ಕೂಗುತ್ತಿದ್ದಾನೆ. ನದಿಯ ಮೇಲೆ ಬಿಳಿಯ ಹಾಯಿಗಳು. ದೂರದಲ್ಲಿ ಸೇತುವೆ, ಅದರಾಚೆ ಕ್ಲಿಷಿಯ ಕಾರ್ಖಾನೆಗಳ ಚಿಮಣಿಗಳು.

ಇಷ್ಟೇ. ಏನೂ ನಡೆಯುತ್ತಿಲ್ಲ. ಆದರೂ ನಾನು ಆ ಬೆಂಚಿನಿಂದ ಬೇಗ ಏಳಲಿಲ್ಲ.

ಚಿತ್ರದ ಹೆಸರನ್ನು ಕನ್ನಡಕ್ಕೆ ತರುವುದು ಸುಲಭವಲ್ಲ. ಸೆರಾ ಇಟ್ಟ ಫ್ರೆಂಚ್ ಹೆಸರಿಗೆ ನದಿಯಲ್ಲಿ ಮೀಯುವುದು ಎಂಬ ಅರ್ಥವೂ ಉಂಟು, ಮೀಯುವ ಜಾಗ ಎಂಬ ಅರ್ಥವೂ ಉಂಟು. ‘ಸ್ನಾನ’ ಎಂದರೆ ನಮಗೆ ಮಡಿ, ಸಂಕಲ್ಪ, ಪರ್ವಕಾಲಗಳು ನೆನಪಾಗುತ್ತವೆ. ‘ಜಳಕ’ ಎಂದರೆ ಬಚ್ಚಲುಮನೆ ಕಣ್ಣಮುಂದೆ ಬರುತ್ತದೆ. ‘ಈಜು’ ಎಂದರೆ ಹುಡುಗಾಟ. ಈ ದಡದಲ್ಲಿ ಪುಣ್ಯಾರ್ಜನೆಯೂ ಇಲ್ಲ, ಕೇಕೆಯೂ ಇಲ್ಲ. ನಮ್ಮಲ್ಲಿ ‘ಬಿಡುವು’ ಎಂಬ ಒಂದು ಒಳ್ಳೆಯ ಮಾತಿದೆ. ಕಟ್ಟಿದ್ದನ್ನು ಬಿಡುವುದು ಎಂಬ ಭಾವ ಅದರ ಧಾತುವಿನಲ್ಲಿಯೇ ಅಡಗಿದೆ. ನೊಗ ಬಿಚ್ಚಿದ ಎತ್ತಿಗೆ ಸಿಕ್ಕುವುದು ಬಿಡುವು. ಈ ಚಿತ್ರಕ್ಕೆ ಆ ಹೆಸರೇ ಸರಿ ಎಂದು ನನಗೆ ತೋರಿತು.

ಸೆರಾ ಹುಟ್ಟಿದುದು 1859ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆ ನ್ಯಾಯಾಲಯದ ಅಧಿಕಾರಿ, ಅನುಕೂಲಸ್ಥ ಮನೆತನ. ಚಿತ್ರ ಮಾರಿ ಹೊಟ್ಟೆ ಹೊರೆಯಬೇಕಾದ ಕಷ್ಟ ಮಗನಿಗಿರಲಿಲ್ಲ. ಅಂದಿನ ಪದ್ಧತಿಯಂತೆ ಸರಕಾರಿ ಕಲಾಶಾಲೆಯಲ್ಲಿ ಕಲಿತು, ಒಂದು ವರ್ಷ ಸೈನ್ಯದಲ್ಲಿದ್ದು ಹಿಂದಿರುಗಿದವನು, ಕಪ್ಪು ಕಡ್ಡಿಯನ್ನು ಒರಟು ಕಾಗದದ ಮೇಲೆ ಮೃದುವಾಗಿ ಉಜ್ಜಿ ನೆರಳು ಬೆಳಕುಗಳನ್ನು ಮೂಡಿಸುವುದರಲ್ಲಿ ಅಸಾಧಾರಣ ಪರಿಣತಿಯನ್ನು ಪಡೆದ. ಈ ದೊಡ್ಡ ಚಿತ್ರವನ್ನು ಮುಗಿಸಿದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

ಅವನಿಗಿಂತ ಮೊದಲೇ ಮೊನೆ, ರೆನ್ವಾರ್ ಮೊದಲಾದವರು ಸೇನ್ ನದಿಯ ದಡವನ್ನು ಬೇಕಾದಷ್ಟು ಬರೆದಿದ್ದರು. ಬಯಲಿನಲ್ಲಿಯೇ ನಿಂತು, ಹಾರಿಹೋಗುವ ಬೆಳಕನ್ನು ಹಾರಿಹೋಗುವ ಮೊದಲೇ ಹಿಡಿಯಬೇಕೆಂಬುದು ಅವರ ಹಂಬಲ. ಸೆರಾನ ದಾರಿ ಬೇರೆ. ಅಂಗೈಗಿಂತ ತುಸು ದೊಡ್ಡದಾದ ಮರದ ಹಲಗೆಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅವನೂ ದಡಕ್ಕೆ ಹೋಗುತ್ತಿದ್ದ. ಹನ್ನೆರಡಕ್ಕಿಂತ ಹೆಚ್ಚು ಹಲಗೆಗಳ ಮೇಲೆ ಈ ಒಂದೇ ತಾಣವನ್ನು ಬರೆದಿದ್ದಾನೆ. ಒಂದರಲ್ಲಿ ನೀರಿಗಿಳಿದ ಕುದುರೆಯಿದೆ. ಮತ್ತೊಂದರಲ್ಲಿ ಆಕಾಶದಲ್ಲಿ ಕಾಮನಬಿಲ್ಲು ಮೂಡಿದೆ. ಆಮೇಲೆ ಚಿತ್ರಶಾಲೆಯೊಳಗೆ ಮಾದರಿಗಳನ್ನು ಕೂರಿಸಿ, ಒಬ್ಬೊಬ್ಬರನ್ನೂ ಕಪ್ಪು ಕಡ್ಡಿಯಲ್ಲಿ ಬೇರೆಬೇರೆಯಾಗಿ ಬರೆದುಕೊಂಡ. ಕೊನೆಗೆ ದೊಡ್ಡ ಬಟ್ಟೆಯ ಮೇಲೆ ಎಲ್ಲವನ್ನೂ ಕೂಡಿಸುವಾಗ ಕುದುರೆಯನ್ನು ಬಿಟ್ಟ, ಕಾಮನಬಿಲ್ಲನ್ನೂ ಬಿಟ್ಟ. ಕಣ್ಣನ್ನು ಸೆಳೆಯುವ ಎರಡು ವಸ್ತುಗಳನ್ನು ತಾನಾಗಿಯೇ ಹೊರಗಿಟ್ಟದ್ದು ಸಣ್ಣ ಮಾತಲ್ಲ. ಉಳಿದದ್ದು ಸುಮ್ಮನೆ ಕುಳಿತ ಮನುಷ್ಯರು ಮಾತ್ರ.

ಹೀಗೆ ಸುಮ್ಮನೆ ಕುಳಿತವರಿಗೆ ಅವನು ಕೊಟ್ಟ ಅಳತೆಯಲ್ಲಿಯೇ ಚಿತ್ರದ ದಿಟ್ಟತನವಿದೆ. ಎರಡು ಮೀಟರು ಮೂರು ಮೀಟರಿನ ಬಟ್ಟೆಯೆಂದರೆ ಅಂದಿನ ಯೂರೋಪಿನಲ್ಲಿ ದೇವತೆಗಳಿಗೂ ಚಕ್ರವರ್ತಿಗಳಿಗೂ ಮಹಾಯುದ್ಧಗಳಿಗೂ ಮೀಸಲಾದ ಅಳತೆ. ದುಡಿಯುವ ಜನ ದೊಡ್ಡ ಚಿತ್ರದೊಳಕ್ಕೆ ಬರಬೇಕಾದರೆ ಬಹುಮಟ್ಟಿಗೆ ದುಡಿಯುತ್ತಲೇ ಬರಬೇಕಾಗಿತ್ತು: ಕೂರ್ಬೆ ಬರೆದ ಕಲ್ಲು ಒಡೆಯುವವರಂತೆ, ಮಿಲೆ ಬರೆದ ತೆನೆ ಆಯುವ ಹೆಂಗಸರಂತೆ. ಬೆನ್ನು ಬಾಗಿದ್ದರೆ ಮಾತ್ರ ಬಡವನಿಗೆ ಗೌರವ! ಸೆರಾನ ಹುಡುಗನ ಬೆನ್ನೂ ಬಾಗಿದೆ. ಆದರೆ ಕೆಲಸದಿಂದಲ್ಲ, ಕೆಲಸವಿಲ್ಲದ ಸುಖದಿಂದ. ಇಟಲಿಯ ಪ್ರಾಚೀನ ಭಿತ್ತಿಚಿತ್ರಗಳಲ್ಲಿ ಸಂತರು ನಿಲ್ಲುವಂತೆ, ಈಜಿಪ್ಟಿನ ಶಿಲ್ಪಗಳಲ್ಲಿ ದೊರೆಗಳು ಕೂರುವಂತೆ, ಈ ಹೆಸರಿಲ್ಲದ ಉಪನಗರದ ಹುಡುಗರು ಪಕ್ಕಕ್ಕೆ ಮುಖಮಾಡಿ, ಅಲುಗದೆ, ಯಾವ ಅವಸರವೂ ಇಲ್ಲದೆ ಕುಳಿತಿದ್ದಾರೆ.

ಬೆಳಕನ್ನು ಅವನು ಮಾಡಿರುವ ರೀತಿಯನ್ನೂ ಹೇಳಬೇಕು. ಹತ್ತಿರ ಹೋಗಿ ನೋಡಿದರೆ ನಡುವೆ ಕುಳಿತ ಹುಡುಗನ ಮೈ ಅಂಚಿನಲ್ಲಿ ಒಂದು ವಿಚಿತ್ರ ಕಾಣುತ್ತದೆ. ಬಿಸಿಲು ಬಿದ್ದ ಬೆನ್ನಿನ ಪಕ್ಕದ ನೀರು ಇರಬೇಕಾದುದಕ್ಕಿಂತ ಕಪ್ಪಾಗಿದೆ. ನೆರಳಿನಲ್ಲಿರುವ ಮುಂಭಾಗದ ಪಕ್ಕದ ನೀರು ಇರಬೇಕಾದುದಕ್ಕಿಂತ ಬೆಳ್ಳಗಿದೆ. ನದಿಯಲ್ಲಿ ನೀರು ಹೀಗಿರುವುದಿಲ್ಲ; ಆದರೆ ಕಣ್ಣು ಹೀಗೆ ಕಾಣುತ್ತದೆ. ಇದರ ಹಿಂದೆ ಒಂದು ಕಥೆಯಿದೆ. ಪ್ಯಾರಿಸ್ಸಿನ ಗೋಬ್ಲೆನ್ ಎಂಬ ಸರಕಾರಿ ನೆಯ್ಗೆಶಾಲೆಯಲ್ಲಿ ಬಣ್ಣದ ಮನೆಯ ಮೇಲ್ವಿಚಾರಕನಾಗಿದ್ದವನು ಷೆವ್ರಲ್ ಎಂಬ ರಸಾಯನ ವಿಜ್ಞಾನಿ. ಅಲ್ಲಿನ ಕಪ್ಪು ಬಣ್ಣಕ್ಕೆ ಕಸುವಿಲ್ಲವೆಂದು ದೂರು ಬಂತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷ ಕಾಣಲಿಲ್ಲ; ಪಕ್ಕದಲ್ಲಿ ನೆಯ್ದ ನೀಲಿ, ನೇರಳೆ ಎಳೆಗಳು ಆ ಕಪ್ಪನ್ನು ಸಪ್ಪೆಯಾಗಿಸಿದ್ದವು. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ಬದಲಿಸುತ್ತದೆಂಬ ಈ ತತ್ತ್ವವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ. ಸೆರಾ ಅದನ್ನು ಮನಸ್ಸಿಟ್ಟು ಓದಿದ. ಮುಂದೆ ಶುದ್ಧ ಬಣ್ಣಗಳ ಸಣ್ಣ ಚುಕ್ಕೆಗಳಿಂದಲೇ ಚಿತ್ರ ಕಟ್ಟುವ ಪದ್ಧತಿಗೆ ಅವನು ಪ್ರಸಿದ್ಧನಾದ. ಈ ಚಿತ್ರವನ್ನು ಬರೆಯುವಾಗ ಆ ಪದ್ಧತಿ ಇನ್ನೂ ರೂಪುಗೊಂಡಿರಲಿಲ್ಲ. ಹುಲ್ಲಿನಲ್ಲಿ ಅಡ್ಡಾದಿಡ್ಡಿ ಗೀರುಗಳಿವೆ, ನೀರಿನಲ್ಲಿ ಅಡ್ಡ ಗೀರುಗಳಿವೆ. ಕೆಲವು ವರ್ಷಗಳ ಮೇಲೆ ಮತ್ತೆ ಈ ಚಿತ್ರದ ಬಳಿಗೆ ಬಂದು, ಕೂಗುವ ಹುಡುಗನ ಕಿತ್ತಳೆ ಟೋಪಿಯ ಮೇಲೆ ಒಂದಿಷ್ಟು ಚುಕ್ಕೆಗಳನ್ನಿಟ್ಟ.

ಇನ್ನು ಆ ಚಿಮಣಿಗಳು. ಮೊದಲ ನೋಟಕ್ಕೆ ಅವು ದೂರದ ಗೋಪುರಗಳಂತೆ ಚೆಲುವಾಗಿಯೇ ಕಾಣುತ್ತವೆ. ಆದರೆ ಹೊಗೆ ಏಳುತ್ತಿದೆ. ಎಂದರೆ ಯಂತ್ರ ನಿಂತಿಲ್ಲ. ಪ್ಯಾರಿಸ್ ನಗರದ ದೊಡ್ಡ ಚರಂಡಿ ಆ ಕಾಲದಲ್ಲಿ ಇದೇ ಆಸುಪಾಸಿನಲ್ಲಿ ನದಿಗೆ ಬೀಳುತ್ತಿತ್ತೆಂಬುದನ್ನೂ ತಿಳಿದಾಗ, ಇದು ಕವಿಗಳ ತಪೋವನವಲ್ಲವೆಂಬುದು ಮನಸ್ಸಿಗೆ ಬರುತ್ತದೆ. ನಗರ ಬೇಡವೆಂದು ಹೊರಹಾಕಿದ ಹೊಗೆ, ಕೊಳೆ, ಕೂಲಿಯಾಳುಗಳು ಎಲ್ಲವೂ ಬಂದು ಸೇರುವ ಅಂಚು ಅದು. ಅಂಥ ಅಂಚಿನಲ್ಲಿ ಈ ಮನುಷ್ಯರು ಒಂದು ಮಧ್ಯಾಹ್ನವನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ.

ಆ ಮಧ್ಯಾಹ್ನ ಅವರಿಗೆ ಹೇಗೆ ಸಿಕ್ಕಿತು? ಬೆಂಚಿನ ಮೇಲೆ ಕುಳಿತಿದ್ದಾಗ ಹುಟ್ಟಿದ ಈ ಪ್ರಶ್ನೆಗೆ ಉತ್ತರ ನನಗೆ ಮುಂದೆ ಚರಿತ್ರೆಯ ಪುಸ್ತಕಗಳಲ್ಲಿ ದೊರೆಯಿತು. ಫ್ರಾನ್ಸಿನಲ್ಲಿ ಭಾನುವಾರ ಕೆಲಸ ನಿಲ್ಲಿಸಬೇಕೆಂಬ ಕಾನೂನು 1814ರಲ್ಲಿಯೇ ಬಂದಿತ್ತು. ಅದು ದೇವಾಲಯದವರ ಕಟ್ಟುಪಾಡು, ಗಣರಾಜ್ಯಕ್ಕೆ ಸಲ್ಲದು ಎಂದು 1880ರಲ್ಲಿ ಅದನ್ನು ತೆಗೆದುಹಾಕಿದರು. ದೇವರ ಹಿಡಿತವನ್ನು ಸಡಿಲಿಸುವ ಹುರುಪಿನಲ್ಲಿ ದುಡಿಯುವವನ ವಿಶ್ರಾಂತಿಯೂ ಹೋಯಿತು. ವಾರಕ್ಕೊಂದು ದಿನದ ಬಿಡುವು ಅಲ್ಲಿ ಮತ್ತೆ ಕಾನೂನಾದುದು 1906ರ ಜುಲೈಯಲ್ಲಿ. ನಡುವಿನ ಇಪ್ಪತ್ತಾರು ವರ್ಷ, ಬಿಡುವೆಂಬುದು ಯಜಮಾನನ ಮರ್ಜಿ, ಇಲ್ಲವೆ ಕೂಲಿ ಕಳೆದುಕೊಳ್ಳುವ ಆಳಿನ ಧೈರ್ಯ. ಸೆರಾನ ಚಿತ್ರ ಬಂದದ್ದು ಆ ಇಪ್ಪತ್ತಾರು ವರ್ಷಗಳ ಒಳಗೆ. ಚಿತ್ರದ ವಾರ ಯಾವುದೆಂದು ಅವನು ಬರೆದಿಲ್ಲ. ಇದನ್ನು ತಿಳಿದ ಮೇಲೆ ನನಗೆ ಆ ದಡದ ಮೌನ ಮೊದಲಿನ ಹಾಗೆ ಕಾಣಲಿಲ್ಲ. ಹೊಗೆಯುಗುಳುವ ಚಿಮಣಿಗೆ ಬೆನ್ನು ತಿರುಗಿಸಿ ಕುಳಿತ ಆ ಹುಡುಗನ ಬಿಡುವು ಯಾರೋ ಬರೆದುಕೊಟ್ಟ ಹಕ್ಕಲ್ಲ. ನಾಳೆ ಇಲ್ಲವಾಗಬಹುದಾದ ವಸ್ತು. ಅದಕ್ಕೇ ಇರಬೇಕು, ಯಾರೂ ನಗುತ್ತಿಲ್ಲ, ಯಾರೂ ಯಾರೊಡನೆಯೂ ಮಾತಾಡುತ್ತಿಲ್ಲ. ತಂಬಿಗೆಯ ತಳದ ನೀರನ್ನು ಚೆಲ್ಲದಂತೆ ಕುಡಿಯುವವರ ಎಚ್ಚರ ಅವರಲ್ಲಿದೆ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿ ತಾನಾಗಿ ನೆನಪಿಗೆ ಬರುತ್ತದೆ. ಸೆರಾ ಈ ಚಿತ್ರವನ್ನು ಮುಗಿಸಿದ 1884ನೆಯ ಇಸವಿಯಲ್ಲಿಯೇ, ಸೆಪ್ಟೆಂಬರ್ ತಿಂಗಳಲ್ಲಿ, ಮುಂಬಯಿಯ ಬಟ್ಟೆ ಗಿರಣಿಗಳ ಕೆಲಸಗಾರರು ಸಭೆ ಸೇರಿದರು. ಸೇರಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಅನುಯಾಯಿ, ‘ದೀನಬಂಧು’ ಪತ್ರಿಕೆಯ ಸಂಪಾದಕರು. ಐದು ಸಾವಿರಕ್ಕೂ ಹೆಚ್ಚು ಜನರ ರುಜು ಬಿದ್ದ ಮನವಿಪತ್ರದಲ್ಲಿ ಮೊದಲ ಬೇಡಿಕೆ, ಭಾನುವಾರ ಪೂರ್ತಿ ರಜೆ ಬೇಕೆಂಬುದು. ಗಿರಣಿಯ ಒಡೆಯರು ಅದಕ್ಕೆ ಒಪ್ಪಿದ್ದು 1890ರಲ್ಲಿ. ಮರುವರ್ಷದ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆ ಬರಹಕ್ಕಿಳಿಯಿತು. ಸೇನ್ ನದಿಯ ಹುಡುಗರಿಗೂ ಮುಂಬಯಿಯ ಗಿರಣಿಯವರಿಗೂ ಪರಸ್ಪರ ಪರಿಚಯವಿರಲು ಸಾಧ್ಯವೇ ಇರಲಿಲ್ಲ. ಆದರೂ ಒಂದೇ ವರ್ಷ, ಎರಡು ದೇಶಗಳಲ್ಲಿ, ಒಂದೇ ಆಸೆ: ಒಬ್ಬ ಅದನ್ನು ಬಣ್ಣದಲ್ಲಿ ಬರೆದ, ಇನ್ನೊಬ್ಬರು ಅರ್ಜಿಯಲ್ಲಿ ಬರೆದರು.

ಸೆರಾನ ಅರ್ಜಿಯನ್ನಂತೂ ಆ ವರ್ಷ ಯಾರೂ ಪುರಸ್ಕರಿಸಲಿಲ್ಲ. ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನದ ತೀರ್ಪುಗಾರರು ಚಿತ್ರವನ್ನು ತಿರಸ್ಕರಿಸಿದರು. ಹೀಗೆ ತಿರಸ್ಕೃತರಾದವರೆಲ್ಲ ಸೇರಿ ಮೇ ತಿಂಗಳಲ್ಲಿ ತ್ವಿಲರೀ ಉದ್ಯಾನದ ಬಳಿ ತಾತ್ಕಾಲಿಕ ಕಟ್ಟಡವೊಂದರಲ್ಲಿ ತಮ್ಮದೇ ಪ್ರದರ್ಶನ ನಡೆಸಿದರು. ತೀರ್ಪುಗಾರರಿಲ್ಲದ ಆ ಪ್ರದರ್ಶನದಲ್ಲಿಯೂ ಈ ಚಿತ್ರಕ್ಕೆ ಸಿಕ್ಕಿದ ಜಾಗ ಪಾನೀಯ ಮಾರುವ ಕೋಣೆಯ ಗೋಡೆ! ಆದರೆ ಅಲ್ಲಿಯೇ ಪಾಲ್ ಸಿನ್ಯಾಕ್ ಎಂಬ ತರುಣ ಚಿತ್ರಕಾರ ಇದನ್ನು ಕಂಡು ಬೆರಗಾದ. ಅಂದು ಬೆಳೆದ ಗೆಳೆತನ ಸೆರಾ ಬದುಕಿರುವವರೆಗೂ ಉಳಿಯಿತು.

ಮತ್ತೆ ಚಿತ್ರದೊಳಕ್ಕೆ ಬರೋಣ. ಬಲಗಡೆ ನದಿಯ ಮೇಲೆ ಒಂದು ದೋಣಿ ಸಾಗುತ್ತಿದೆ. ಅದರ ಮೇಲೆ ಫ್ರಾನ್ಸಿನ ಮೂರು ಬಣ್ಣದ ಬಾವುಟ. ಅಂಬಿಗನೊಬ್ಬ ಹುಟ್ಟುಹಾಕುತ್ತಿದ್ದಾನೆ. ಎತ್ತರದ ಟೋಪಿಯ ಗೃಹಸ್ಥ, ಬಿಳಿಯ ಕೊಡೆ ಹಿಡಿದ ಹೆಂಗಸು ಕುಳಿತಿದ್ದಾರೆ. ಎದುರಿಗಿರುವ ಗ್ರಾಂದ್ ಜಾತ್ ಎಂಬ ನಡುಗಡ್ಡೆಗೆ ವಿಹಾರಕ್ಕೆ ಹೊರಟ ಶ್ರೀಮಂತರು ಅವರು. ಬಿಡುವೇ ಬದುಕಾದವರು ಬಿಡುವನ್ನು ಕದ್ದು ತಂದವರ ಮುಂದೆ ಹಾದುಹೋಗುತ್ತಿದ್ದಾರೆ. ದಡದವರು ಅವರನ್ನು ನೋಡುತ್ತಿರುವರೋ ಇಲ್ಲವೋ ಹೇಳುವಂತಿಲ್ಲ.

ಇದನ್ನು ಮುಗಿಸಿದ ಕೂಡಲೆ ಸೆರಾ ಆ ಎದುರಿನ ನಡುಗಡ್ಡೆಯನ್ನೇ ವಸ್ತುವಾಗಿ ಎತ್ತಿಕೊಂಡ. 1886ರಲ್ಲಿ ಪ್ರದರ್ಶಿತವಾದ ಆ ಚಿತ್ರವೇ ಅವನಿಗೆ ಜಗತ್ಪ್ರಸಿದ್ಧಿಯನ್ನು ತಂದದ್ದು. ಅಳತೆಯೂ ಹೆಚ್ಚುಕಡಿಮೆ ಇಷ್ಟೇ. ಅದರಲ್ಲಿಯೂ ಜನ ನೀರಿನ ಬಳಿ ಬಿಡುವಾಗಿದ್ದಾರೆ. ಆದರೆ ಅಲ್ಲಿ ಕೊಡೆಗಳು, ಬಿಗಿದ ಉಡುಪುಗಳು, ಹಗ್ಗ ಕಟ್ಟಿದ ಸಾಕುಕೋತಿ. ಇಲ್ಲಿನವರು ಬಲಕ್ಕೆ ನೋಡುತ್ತಾರೆ; ಅಲ್ಲಿನವರಲ್ಲಿ ಬಹಳ ಮಂದಿ ಎಡಕ್ಕೆ ನೋಡುತ್ತಾರೆ. ಒಂದೇ ನದಿಯ ಎರಡು ಮಗ್ಗುಲುಗಳು ಎದುರುಬದುರಾಗಿ ಕುಳಿತಿವೆಯೆಂದು ತೋರುತ್ತದೆ. ಇಂದು ಒಂದು ಲಂಡನ್ನಿನಲ್ಲಿದೆ, ಇನ್ನೊಂದು 1926ರಿಂದ ಅಮೆರಿಕದ ಷಿಕಾಗೊ ನಗರದಲ್ಲಿದೆ. ಎರವಲಾಗಿ ನ್ಯೂಯಾರ್ಕಿಗೆ ಹೋಗಿದ್ದಾಗ, 1958ರಲ್ಲಿ, ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಆ ಚಿತ್ರ ಹೇಗೋ ಉಳಿದುಕೊಂಡಿತು. ಅಂದಿನಿಂದ ಅದನ್ನು ಹೊರಗೆ ಕಳುಹಿಸುವುದಿಲ್ಲ. ನದಿಯಷ್ಟಿದ್ದ ಅಂತರ ಈಗ ಸಮುದ್ರದಷ್ಟಾಗಿದೆ.

ಕಿತ್ತಳೆ ಟೋಪಿಯ ಹುಡುಗ ಕೂಗುತ್ತಿರುವುದು ಯಾರನ್ನು? ಅವನಿಗಾಗಿ ಸೆರಾ ಬರೆದುಕೊಂಡ ಕಪ್ಪು ಕಡ್ಡಿಯ ಚಿತ್ರ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿದೆ. ಅದನ್ನು ‘ಪ್ರತಿಧ್ವನಿ’ ಎಂದು ಕರೆಯುವುದು ರೂಢಿ. ಎಂದರೆ ಹುಡುಗ ಯಾರನ್ನೂ ಕರೆಯುತ್ತಿಲ್ಲದಿರಬಹುದು. ತನ್ನ ದನಿ ಎದುರುದಡಕ್ಕೆ ತಾಗಿ ಮರಳುವುದೇ ಎಂದು ಪರೀಕ್ಷಿಸುತ್ತಿರಬಹುದು. ಇಡೀ ಚಿತ್ರದಲ್ಲಿ ಸದ್ದೆಂಬುದು ಅವನದೊಂದೇ. ಆ ಸದ್ದಿಗೂ ಯಾರೂ ತಲೆ ತಿರುಗಿಸಿಲ್ಲ.

ಸೆರಾ ಇನ್ನು ಏಳು ವರ್ಷವೂ ಬದುಕಲಿಲ್ಲ. 1891ರ ಮಾರ್ಚಿಯಲ್ಲಿ, ಅದೇ ಸ್ವತಂತ್ರ ಕಲಾವಿದರ ಪ್ರದರ್ಶನ ನಡೆಯುತ್ತಿದ್ದಾಗ, ಹಠಾತ್ತನೆ ಬಂದ ಸೋಂಕಿಗೆ ತುತ್ತಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ವಯಸ್ಸು ಮೂವತ್ತೊಂದು. ಅವನ ಹಸುಗೂಸೂ ಸ್ವಲ್ಪ ದಿನಗಳಲ್ಲಿಯೇ ತಂದೆಯನ್ನು ಹಿಂಬಾಲಿಸಿತು. ಆ ಪ್ರದರ್ಶನದಲ್ಲಿ ತೂಗುಹಾಕಿದ್ದ ಅವನ ಸರ್ಕಸ್ಸಿನ ಚಿತ್ರ ಪೂರ್ತಿಯಾಗಿರಲಿಲ್ಲ. ಮನುಷ್ಯರ ಬಿಡುವನ್ನು ಅಷ್ಟು ನಿಧಾನವಾಗಿ ಬರೆದವನಿಗೆ ಕಾಲ ಬಿಡುವು ಕೊಡಲಿಲ್ಲ.

ಅವನ ಜೀವಮಾನದಲ್ಲಿ ಈ ಚಿತ್ರವನ್ನು ಕೊಂಡವರಿಲ್ಲ. ಮನೆಯವರ ಬಳಿಯಿದ್ದುದು ಫೆನೆಯೊನ್ ಎಂಬ ವಿಮರ್ಶಕನ ಕೈಗೆ ಬಂದು, ಕೊನೆಗೆ 1924ರಲ್ಲಿ ಇಂಗ್ಲೆಂಡಿನ ಪಾಲಾಯಿತು. ಕೊಳ್ಳಲು ಹಣ ಒದಗಿದ್ದು ಸ್ಯಾಮ್ಯುಅಲ್ ಕೋರ್ಟೋಲ್ಡ್ ಎಂಬ ಉದ್ಯಮಿ ಸ್ಥಾಪಿಸಿದ್ದ ನಿಧಿಯಿಂದ. ಮೊದಲು ಟೇಟ್ ಚಿತ್ರಶಾಲೆಯಲ್ಲಿದ್ದುದು 1961ರಲ್ಲಿ ನ್ಯಾಷನಲ್ ಗ್ಯಾಲರಿಗೆ ಬಂತು. ಕೋರ್ಟೋಲ್ಡರ ಸಂಪತ್ತು ಬೆಳೆದದ್ದು ಕೃತಕ ರೇಷ್ಮೆಯ ಕಾರ್ಖಾನೆಗಳಿಂದ. ಕಾರ್ಖಾನೆಗೆ ಬೆನ್ನು ತಿರುಗಿಸಿ ಕುಳಿತವರನ್ನು ಕಾರ್ಖಾನೆಯ ಹಣವೇ ಕಾಪಾಡಿ ಎಲ್ಲರ ಕಣ್ಣಿಗೆ ಉಳಿಸಿತೆಂಬುದರಲ್ಲಿ ವ್ಯಂಗ್ಯವಿದೆ. ಆದರೆ ಅದನ್ನು ವ್ಯಂಗ್ಯವೆಂದಷ್ಟೇ ಎಣಿಸಲು ನನಗೆ ಮನಸ್ಸು ಬರುವುದಿಲ್ಲ. ಸಾಲ ತೀರಿಸುವ ರೀತಿಗಳು ಹಲವು.

ಮುಚ್ಚುವ ಹೊತ್ತಾಯಿತೆಂದು ಕಾವಲುಗಾರ ಬಂದು ವಿನಯದಿಂದ ತಿಳಿಸಿದ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಯಾರೋ ಒಬ್ಬರು, ಕೆಲಸದ ಉಡುಪಿನಲ್ಲಿಯೇ ಬಂದವರು, ಯಾವಾಗ ಬಂದು ಕುಳಿತಿದ್ದರೋ ಕಾಣೆ. ಕಾಲು ಚಾಚಿ, ಬೆನ್ನು ಬಾಗಿಸಿ, ಆ ಹುಡುಗನಂತೆಯೇ ಕುಳಿತಿದ್ದರು. ನಾವಿಬ್ಬರೂ ಮಾತಾಡದೆ ಎದ್ದೆವು.

ಇದನ್ನು ಓದುತ್ತಿರುವವರ ಕೈಯಲ್ಲಿ ಇಂದು ಭಾನುವಾರದ ಪತ್ರಿಕೆಯಿದೆ. ಬೆಳಗಿನ ಕಾಫಿಯ ಲೋಟ ಪಕ್ಕದಲ್ಲಿರಬಹುದು. ಗಡಿಯಾರದ ಕಡೆ ನೋಡುವ ಅವಸರ ಇಲ್ಲದಿರಬಹುದು. ಈ ಅರ್ಧ ಗಂಟೆ ತಾನಾಗಿ ಬಂದದ್ದಲ್ಲ. ಯಾರೋ ಅದಕ್ಕಾಗಿ ಅರ್ಜಿ ಬರೆದರು, ಯಾರೋ ರುಜು ಹಾಕಿದರು, ಯಾರೋ ಕೂಲಿ ಕಳೆದುಕೊಂಡು ನದಿಯ ದಡಕ್ಕೆ ಹೋಗಿ ಕುಳಿತರು. ನಮ್ಮಲ್ಲಿಯೇ ಇವತ್ತೂ ಭಾನುವಾರವಿಲ್ಲದವರು ಎಷ್ಟೋ ಮಂದಿ ಇದ್ದಾರೆ. ಈ ಪತ್ರಿಕೆಯನ್ನು ನಸುಕಿನಲ್ಲಿ ಬಾಗಿಲಿಗೆ ಹಾಕಿಹೋದ ಹುಡುಗ ಅವರಲ್ಲೊಬ್ಬ. ಆ ಕಿತ್ತಳೆ ಟೋಪಿಯವನ ಕೂಗು ಇನ್ನೂ ನೀರಿನ ಮೇಲೆಯೇ ಇದೆ.